ಚೀಟಿ ಹೋಗಿ ನಾಣ್ಯ ಬಂದದ್ದು

“ಕೇಳ್ರಪ್ಪೋ ಕೇಳಿ! ತೊರೆಗಿರಿಯ ದೊರೆ ತ್ರಿಭುವನವರ್ಮರ ಅಪ್ಪಣೆ. ಒಂದು ದುಡ್ಡಿನ ಕಾಗದದ ಚೀಟಿ ತೆಗೆದು ಮತ್ತೆ ತಾಮ್ರದ ನಾಣ್ಯ ತರಲಾಗುವುದು. ಅದಕ್ಕೆ ಟಂಕಸಾಲೆಗೊಬ್ಬ ಯಜಮಾನ ಬೇಕು. ದೊರೆಯ ಮೂರು ಒಗಟು ಬಿಡಿಸಿದವನಿಗೆ ಆ ಹುದ್ದೆ, ಮೇಲೆ ಬೇಡಿದ್ದೊಂದು ವರ. ತಪ್ಪಿದವನಿಗೆ ಅಮಾವಾಸ್ಯೆಯ ದಿನ ತಲೆದಂಡ!”

ಡಂಗುರದ ಮೊದಲರ್ಧಕ್ಕೆ ಬಾಯಿ ಚಪ್ಪರಿಸಿದವರೆಲ್ಲ ಕೊನೆಯ ಮಾತಿಗೆ ಕತ್ತು ಸವರಿಕೊಂಡು ಮನೆಗೆ ನಡೆದರು. ಮಡಿವಾಳರ ಚೆಲುವ ಮಾತ್ರ ‘ವರ’ ಎಂಬ ಒಂದೇ ಮಾತು ಹಿಡಿದು ನಿಂತುಬಿಟ್ಟ. ಅವನ ಅಪ್ಪ ಮಾಚಣ್ಣ ಹನ್ನೊಂದು ತಿಂಗಳಿಂದ ಸೆರೆಮನೆಯಲ್ಲಿದ್ದ. ಮಾಡಿದ ತಪ್ಪು ಸುಂಕದ ಅಧಿಕಾರಿಯ ಅಂಗಿ ಒಗೆದದ್ದು. ಒಗೆಯುವ ಬಟ್ಟೆಯಲ್ಲಿ ಏನೇ ಸಿಗಲಿ, ಅದನ್ನು ಅದೇ ಬಟ್ಟೆಯ ತುದಿಗೆ ಗಂಟು ಕಟ್ಟಿ ಒಡೆಯನಿಗೆ ಒಪ್ಪಿಸಬೇಕು ಎಂಬುದು ಮಡಿವಾಳರ ಕಟ್ಟಳೆ. ಅಧಿಕಾರಿಯ ಜೇಬಿನ ಚೀಟಿಗಳು ಮಾಚಣ್ಣನ ಕಣ್ಣಿಗೆ ಬಿದ್ದದ್ದು ಹಂಡೆಯಲ್ಲಿ ಬಟ್ಟೆ ಬೆಂದ ಮೇಲೆ. ಆ ಪುಣ್ಯಾತ್ಮ ಅಂಬಲಿಯಂತಾದ ಮುದ್ದೆಯನ್ನೇ ಗಂಟು ಕಟ್ಟಿ ಕೊಟ್ಟ. “ದುಡ್ಡು ನುಂಗಿ ಕಸ ಕೊಟ್ಟ” ಎಂದು ಅಧಿಕಾರಿ ಒಳಗೆ ಹಾಕಿಸಿದ. ಈಗ ಮಾಚಣ್ಣನ ಕೆಮ್ಮು ಎದೆಗಿಳಿದಿತ್ತು. ಮಳೆಗಾಲ ದಾಟುವುದು ಕಷ್ಟ ಎಂದು ಕಾವಲುಗಾರನೇ ಹೇಳಿದ್ದ.

“ಅಪ್ಪನ್ನ ಬಿಡಿಸಾಕೆ ಹೋಗಿ ನೀನೂ ಹೋದ್ರೆ ನಾನ್ಯಾರ ಮಕ ನೋಡ್ಲಿ?” ಎಂದು ತಾಯಿ ಅತ್ತಳು. ಚೆಲುವನಿಗೂ ಹೆದರಿಕೆ ಇಲ್ಲದಿರಲಿಲ್ಲ. ಆದರೂ ಹೊರಟ.

ಆಸ್ಥಾನದಲ್ಲಿ ಆಗಲೇ ಒಂಬತ್ತು ಜನ ಸೋತು ಸೆರೆಮನೆ ಸೇರಿದ್ದರು. ಅಂದು ಚೆಲುವನ ಮುಂದೆ ಸರದಿಯಲ್ಲಿ ಇನ್ನಿಬ್ಬರಿದ್ದರು.

ದೊರೆ ಮೊದಲ ಒಗಟು ಕೇಳಿದ. “ಇಬ್ಬರು ಅಣ್ಣತಮ್ಮಂದಿರು ನನ್ನ ಟಂಕಸಾಲೆಯಲ್ಲೇ ಹುಟ್ಟಿದವರು. ಮೈ ಒಂದೇ, ಬಣ್ಣ ಒಂದೇ. ದೊಡ್ಡವನು ಇಪ್ಪತ್ತು ವರ್ಷ ಬಾಳುತ್ತಾನೆ, ಚಿಕ್ಕವನು ಎಂಟು ತಿಂಗಳಿಗೆ ಸಾಯುತ್ತಾನೆ. ಚಿಕ್ಕವನನ್ನು ಕೊಲ್ಲುವುದು ಏನು?”

“ಶನಿಕಾಟ, ಪ್ರಭು” ಎಂದರು ಮೊದಲು ನಿಂತಿದ್ದ ಜೋಯಿಸರು. ಭಟರು ಅವರ ರಟ್ಟೆ ಹಿಡಿದರು.

ಖಜಾನೆಯ ಕರಣಿಕ ಮುಂದೆ ಬಂದ. “ದೊಡ್ಡವನು ನೂರರ ಚೀಟಿ, ಚಿಕ್ಕವನು ಒಂದರ ಚೀಟಿ” ಎಂದಾಗ ದೊರೆ ಹೌದೆಂದು ತಲೆಯಾಡಿಸಿದ. “ಕೊಲ್ಲುವುದು ಗೆದ್ದಲು” ಎಂದಾಗ ಅವನನ್ನೂ ಎಳೆದೊಯ್ದರು. ಅವನ ಪೇಟ ಅಲ್ಲೇ ಬಿತ್ತು, ಯಾರೂ ಎತ್ತಲಿಲ್ಲ.

ಚೆಲುವ ಮುಂದೆ ಬಂದ. “ದುಡಿಮೆ, ಬುದ್ಧಿ. ಕೊಲ್ಲೋದು ದುಡಿಮೆ. ನೂರರದ್ದು ಪೆಟ್ಟಿಗೇಲಿ ಮಲಗಿರ್ತದೆ. ಒಂದರದ್ದು ಬೆಳಿಗ್ಗೆ ಸೊಪ್ಪಿನೋಳ ಕೈಲಿ, ಮಧ್ಯಾನ ಮೀನಿನೋನ ಕೈಲಿ, ಸಂಜೆ ಎಲೆ ಅಡಿಕೆ ಅಂಗ್ಡೀಲಿ. ಎಲ್ಲರ ಬೆವರೂ ಅದರ ಮೈಮೇಲೆ.”

ದೊರೆ ಭಟರನ್ನು ಕರೆಯಲಿಲ್ಲ, ಎರಡನೆಯ ಒಗಟಿಗೆ ಹೋದ. “ಸತ್ತವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಬಾಯಿಲ್ಲ, ಆದರೂ ಕೈತಪ್ಪಿ ಬಿದ್ದರೆ ಒಡೆಯನನ್ನು ಕೂಗುತ್ತಾನೆ. ಕಣ್ಣಿಲ್ಲದವರೂ ಅವನ ಗುರುತು ಹಿಡಿಯುತ್ತಾರೆ. ನೀರಲ್ಲಿ ಮುಳುಗಿಸಿದರೂ ಸಾಯುವುದಿಲ್ಲ. ಅವನಾರು?”

“ನಾಣ್ಯ ಬುದ್ಧಿ. ಕಲ್ಲಿಗೆ ಬಿದ್ರೆ ಠಣ್ ಅಂತದೆ. ಕುರುಡರು ಬೆರಳಲ್ಲೇ ತಿಳ್ಕೊತಾರೆ. ನೀರಲ್ಲಿ ಬೇಯ್ಸಿದ್ರೂ ಹಂಗೇ ಇರ್ತದೆ. ಆವತ್ತು ಆ ಜೇಬಲ್ಲಿ ಇದೇ ಇದ್ದಿದ್ರೆ…” ಎಂದ ಚೆಲುವ.

ದೊರೆ ಸಿಂಹಾಸನದಿಂದ ಇಳಿದು ಹತ್ತಿರ ಬಂದ. “ದಸರೆಗೆ ಒಂದು ದುಡ್ಡಿನ ಲಕ್ಷ ತಾಮ್ರದ ನಾಣ್ಯ ಮಾಡಿಸಿ ಪೇಟೆಗೆ ಬಿಟ್ಟೆ. ಕಳ್ಳರು ಕದಿಯಲಿಲ್ಲ, ಗಡಿ ದಾಟಲಿಲ್ಲ, ನೆಲದಲ್ಲೂ ಹೂತಿಲ್ಲ. ಆರೇ ತಿಂಗಳಲ್ಲಿ ಒಂದೂ ಕಾಣದು. ಎಲ್ಲಿ ಹೋದವು?”

ಚೆಲುವ ಅವನ ಕಣ್ಣು ನೋಡಿದ. ಈ ಒಗಟಿಗೆ ದೊರೆಗೇ ಉತ್ತರ ಗೊತ್ತಿಲ್ಲ! ತಿಳಿಯದವನ ಮುಂದೆ ಸರಿ ಉತ್ತರವನ್ನು ಸರಿ ಎಂದು ತೋರಿಸುವುದು ಹೇಗೆ?

“ಆ ನಾಣ್ಯ ಒಂದ್ಸಲ ನೋಡ್ಬೋದಾ ಬುದ್ಧಿ?”

ಖಜಾನೆಯಲ್ಲಿ ಉಳಿದಿದ್ದ ಒಂದು ಹಿಡಿ ತಂದರು. ದಪ್ಪ ಬಿಲ್ಲೆ, ಮೇಲೆ ದೊರೆಯ ಮುಖ. ಅಂಗೈ ಮೇಲೆ ಭಾರವಾಗಿ ಕೂತಿತು. ಸಂಕ್ರಾಂತಿಯಲ್ಲಿ ಹಂಡೆ ಕೊಳ್ಳಲು ಹೋದದ್ದು ಚೆಲುವನಿಗೆ ಫಕ್ಕನೆ ನೆನಪಾಯಿತು. ಹಳೇ ತಾಮ್ರ ತಂದರಷ್ಟೇ ಹೊಸ ಪಾತ್ರೆ ಎನ್ನುತ್ತಿದ್ದ ಕಂಚುಗಾರ ಈ ವರ್ಷ ಹಳೆಯದನ್ನು ಕೇಳಿಯೇ ಇರಲಿಲ್ಲ. ಅಂಗಡಿ ತುಂಬ ಹೊಸ ಚೆಂಬುಗಳಿದ್ದವು.

“ಒಂದು ತಕ್ಕಡಿ, ಪೇಟೆಯಿಂದ ಒಂದು ಹೊಸ ತಾಮ್ರದ ಚೆಂಬು ತರಿಸಿ” ಎಂದ.

ಆಳು ಹೋದವನು ಬೇಗ ಬರಲಿಲ್ಲ. ಕಡೆಗೆ ಚೆಂಬು ಬಂತು, ಬೆಲೆ ಹನ್ನೆರಡು ದುಡ್ಡು. ಚೆಲುವ ಅದನ್ನೊಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ನಾಣ್ಯ ಇಡುತ್ತ ಹೋದ. ಆರು, ಏಳು, ಎಂಟು. ಚೆಂಬಿನ ತಟ್ಟೆ ಅಲುಗಲಿಲ್ಲ. ಹನ್ನೆರಡರವರೆಗೂ ಹೋದರೆ ತಲೆ ಹೋದಂತೆಯೇ. ಒಂಬತ್ತನೆಯದನ್ನಿಟ್ಟ. ತಕ್ಕಡಿ ಮೆಲ್ಲಗೆ ಸಮನಾಯಿತು.

“ನೋಡಿ ಬುದ್ಧಿ. ಒಂಬತ್ತು ನಾಣ್ಯ ಕರಗಿಸಿದ್ರೆ ಹನ್ನೆರಡು ದುಡ್ಡಿನ ಚೆಂಬು, ಮೂರು ದುಡ್ಡು ಲಾಭ. ನಿಮ್ಮ ಮಕ ಈಗ ಮನೆಮನೇಲೂ ನೀರು ಕುಡಿಸ್ತಾ ಅದೆ.”

ಮಂತ್ರಿ ಕಣ್ಣು ಮುಚ್ಚಿಕೊಂಡ. ದೊರೆಯ ಮುಖ ಕೆಂಪಾಯಿತು. “ಆ ಕಂಚುಗಾರರನ್ನು ಹಿಡಿದು ತನ್ನಿ!”

“ಬ್ಯಾಡಿ ಬುದ್ಧಿ” ಎಂದ ಚೆಲುವ, ತಲೆ ಹೋದರೂ ಹೋಗಲಿ ಎಂದು. “ತಪ್ಪು ಅವರದ್ದಲ್ಲ, ತೂಕದ್ದು. ಅರ್ಧ ತೂಕಕ್ಕೆ ಇಳಿಸಿ. ಕರಗಿಸಿದೋನಿಗೆ ಲುಕ್ಸಾನು ಆಗ್ಬೇಕು, ಆಗ ನಾಣ್ಯ ಸಂತೇಲೇ ಉಳೀತದೆ.”

ದೊರೆ ಚೆಂಬನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ. “ಟಂಕಸಾಲೆ ನಿನ್ನದು. ವರ ಕೇಳು” ಎಂದ.

“ಸೆರೆಮನೆ ಬಾಗಿಲು ತೆಗೆಸಿ. ನಮ್ಮಪ್ಪನಿಗೂ, ಒಗಟಿಗೆ ಸೋತ ಹನ್ನೊಂದು ಜನಕ್ಕೂ.”

ಬಾಗಿಲು ತೆರೆಯಿತು. ಜೋಯಿಸರು ಓಡಿದರು, ಕರಣಿಕ ಪೇಟವಿಲ್ಲದೆ ಓಡಿದ. ಎಲ್ಲರಿಗಿಂತ ಕೊನೆಗೆ ಗೋಡೆ ಹಿಡಿದು ಮಾಚಣ್ಣ ಬಂದ. ಚೆಲುವ ಅವನ ಅಂಗೈಗೆ ನಾಣ್ಯವಿಟ್ಟ.

“ಇದೇನ್ಲಾ?”

“ಒಂದು ದುಡ್ಡು ಕಣಪ್ಪಾ. ಇನ್ಮೇಲೆ ಚೀಟಿ ಇಲ್ಲ, ತಾಮ್ರದ್ದೇ.”

ಮಾಚಣ್ಣ ಅದನ್ನು ಹೆಬ್ಬೆರಳಲ್ಲಿ ಉಜ್ಜಿದ, ಹಲ್ಲಲ್ಲಿ ಕಚ್ಚಿದ. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಗೊಳೋ ಎಂದು ಅತ್ತ. “ಇಷ್ಟು ಸಲೀಸಾ? ಹಂಗಾದ್ರೆ ಮೊದ್ಲೇ ಯಾಕ್ ಮಾಡ್ಲಿಲ್ಲ ಇವ್ರು?”

ಮೂರು ಒಗಟು ಬಿಡಿಸಿದ ಚೆಲುವ ಅಪ್ಪನನ್ನು ಬೆನ್ನ ಮೇಲೆ ಹೊತ್ತುಕೊಂಡು ಮನೆಗೆ ನಡೆದ.