ಒಂದೇ ತಾರೀಖಿನ ಮೂವರು

ಬೆಲ್ಲದ ವ್ಯಾಪಾರಿ ಗುರುಶಾಂತಪ್ಪನವರ ಗೋಡೆ ಕ್ಯಾಲೆಂಡರಿನಲ್ಲಿ ಆ ವರ್ಷ ಒಂದೇ ತಾರೀಖಿನ ಚೌಕಕ್ಕೆ ಮೂವರು ಬಂದು ಕೂತರು: ಕೆಂಪಕ್ಷರದ ಹಬ್ಬ, ಕಪ್ಪಕ್ಷರದ ಕೋಟೆ ಗೆದ್ದ ದಿನ, ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಮೊಮ್ಮಗಳ ಹುಟ್ಟುಹಬ್ಬ.

“ನನಗಾಗಿ ಊರೇ ಅಂಗಡಿ ಮುಚ್ಚುತ್ತದೆ. ಈ ಜಾಗ ನನ್ನದು,” ಎಂದಿತು ಹಬ್ಬ.

“ನನಗಾಗಿ ರಕ್ತವೇ ಹರಿದಿದೆ,” ಎಂದಿತು ಕೋಟೆ ಗೆದ್ದ ದಿನ.

ಹಬ್ಬ ಮೂಲೆಯತ್ತ ತಿರುಗಿತು. “ಬೆರಳಿನಿಂದ ಉಜ್ಜಿದರೆ ಅಳಿಸಿಹೋಗುವವಳು ನೀನು. ಬರುವ ವರ್ಷ ನಿನ್ನನ್ನು ಯಾರು ಅಚ್ಚು ಹಾಕುತ್ತಾರೆ, ತಂಗೀ?”

ಹುಟ್ಟುಹಬ್ಬಕ್ಕೂ ಒಳಗೊಳಗೇ ಅದೇ ಭಯ. ಆದರೂ, “ಯಜಮಾನರು ಮತ್ತೆ ಬರೆದರೆ ಇರುತ್ತೇನೆ. ಅಲ್ಲಿಯವರೆಗೆ ಇಲ್ಲಿಂದ ಕದಲುವುದಿಲ್ಲ,” ಎಂದು ಮೂಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಹೊಸ ಕ್ಯಾಲೆಂಡರ್ ಬಂತು. ಗುರುಶಾಂತಪ್ಪನವರು ಅದೇ ತಾರೀಖನ್ನು ಹುಡುಕಿ, ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿ, ಒತ್ತಿ ಬರೆದರು. ಹುಟ್ಟುಹಬ್ಬ ಕಣ್ಣುಬಿಟ್ಟು ನೋಡಿದರೆ, ಕೋಟೆ ಗೆದ್ದ ದಿನ ಒಂಟಿಯಾಗಿ ಕೂತಿತ್ತು. ತಿಥಿ ಹಿಡಿದು ನಡೆಯುವ ಹಬ್ಬ ಈ ಸಲ ಹಿಂದಿನ ತಿಂಗಳ ಪುಟಕ್ಕೆ ಹೋಗಿತ್ತು.

“ಜಾಗದ ಒಡೆಯರು ಹೊರಟೇಹೋದರಮ್ಮ,” ಎಂದು ಕೋಟೆ ಗೆದ್ದ ದಿನ ಸರಿದು ಜಾಗ ಕೊಟ್ಟಿತು.

“ಅವರು ಹೋದ ಪುಟದ ಚೌಕದಲ್ಲಿ ಇರುವವರಿಗೆ ಹೇಳಿ ಕಳಿಸೋಣ,” ಎಂದಿತು ಹುಟ್ಟುಹಬ್ಬ. “ಬಂದವರು ಒಂದು ವರ್ಷದ ಅತಿಥಿ. ಉಪಚಾರ ಮಾಡಲಿ, ಮೂಲೆ ಮಾತ್ರ ಬಿಟ್ಟುಕೊಡದಿರಲಿ.”