ಮುದುಕಿಯ ಮೊದಲ ಕೂಗು

“ಮೇಷ್ಟ್ರೇ, ಡೇಟಾಬೇಸಿನಲ್ಲಿ ನಾನೇ ಪ್ರೊಸೀಜರ್ ನಡೆಸಿದರೆ ಇಪ್ಪತ್ತು ಸಾಲು ಬರುತ್ತವೆ. ನನ್ನ ಪ್ರೋಗ್ರಾಮ್ ಕೇಳಿದರೆ ಒಂದೂ ಬರುವುದಿಲ್ಲ. ಇಬ್ಬರಲ್ಲಿ ಸುಳ್ಳು ಯಾರದು?”

ಕೇಳಿದವಳು ವಸುಮತಿ. ಆ ಪ್ರೊಸೀಜರ್, ಅಂದರೆ ಡೇಟಾಬೇಸಿನೊಳಗೇ ಬರೆದಿಟ್ಟ ಆದೇಶಗಳ ಸರಣಿ, ಅವಧಿ ಮೀರಿದ ಮದ್ದನ್ನು ಮೊದಲು ಲೆಕ್ಕದಿಂದ ತೆಗೆಯುತ್ತದೆ. ಆಮೇಲೆ ಹಾವಿನ ಕಡಿತದ ಮದ್ದು ಯಾವ ಯಾವ ಆಸ್ಪತ್ರೆಯಲ್ಲಿದೆ ಎಂದು ಪಟ್ಟಿ ಕೊಡುತ್ತದೆ. ಅಂದು ಸಂಜೆಯಿಂದ ಆಂಬ್ಯುಲೆನ್ಸುಗಳು ಆ ಪಟ್ಟಿಯನ್ನೇ ನಂಬಿ ಓಡಬೇಕು. ಅವಳ ಪ್ರೋಗ್ರಾಮಿನ ಪರದೆ ಮಾತ್ರ ‘ಎಲ್ಲೂ ಇಲ್ಲ’ ಎನ್ನುತ್ತಿತ್ತು. ಅವಳು ಬೆಂಚಿನ ತುದಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತಿದ್ದಳು.

ಮೇಷ್ಟ್ರು ಕನ್ನಡಕ ತೆಗೆದಿಟ್ಟು ಕತೆ ಹೇಳಿದರು.

ಒಬ್ಬ ವೈದ್ಯನಿದ್ದ. ಅವನ ಬೇರುಗಳನ್ನು ಗುಡ್ಡದ ಮೇಲಿನ ಒಬ್ಬ ಮುದುಕಿ ಕಾಪಾಡುತ್ತಿದ್ದಳು. ಒಂದು ಮಗುವಿಗೆ ಜ್ವರವೇರಿತು. ವೈದ್ಯ ಆಳನ್ನು ಓಡಿಸಿದ. ಆಳು ಬಾಗಿಲಲ್ಲಿ ನಿಂತು ಬೇರು ಕೇಳಿದ. ಒಳಗಿನಿಂದ ಮುದುಕಿ ಕೂಗಿದಳು: “ಹನ್ನೆರಡು ಎಸೆದೆ.” ಆಳು ಹಾಗೇ ಹಿಂದಿರುಗಿದ. “ಎಲ್ಲ ಎಸೆದುಬಿಟ್ಟಿದ್ದಾಳೆ ಒಡೆಯಾ, ಏನೂ ಇಲ್ಲ.” ಮರುದಿನ ಬೇರೊಬ್ಬ ಆಳು ಹೋದ. ಅವನೂ ಅದೇ ಮಾತು ತಂದ.

“ಹಾಗಾದರೆ ಮುದುಕಿಯದೇ ತಪ್ಪು.” ವಸುಮತಿ ಎದ್ದೇಬಿಟ್ಟಳು. “ಆ ಪ್ರೊಸೀಜರನ್ನೇ ಕಿತ್ತು ಹೊಸದು ಬರೆಯುತ್ತೇನೆ.”

“ಕೂತುಕೋ. ಮುಗಿದಿಲ್ಲ.”

ಅವಳು ಕೂತಳು. ಅರ್ಧ ಮಾತ್ರ.

ಮೂರನೆಯ ದಿನ ವೈದ್ಯನೇ ಗುಡ್ಡ ಹತ್ತಿದ. “ಹನ್ನೆರಡು ಎಸೆದೆ” ಎಂದು ಕೂಗು ಬಂತು. ಅವನೂ ತಿರುಗಿದ. ಆದರೆ ಚಪ್ಪಲಿಯ ಉಂಗುಷ್ಠ ಕಿತ್ತಿತ್ತು. ಬೈದುಕೊಂಡು ಸರಿಮಾಡಲು ಮೆಟ್ಟಿಲ ಮೇಲೆ ಕೂತ. ಅಷ್ಟರಲ್ಲಿ ಮುದುಕಿ ಮುತ್ತುಗದೆಲೆಯಲ್ಲಿ ಬೇರು ಸುತ್ತಿಕೊಂಡು ಹೊರಗೆ ಬಂದಳು.

“ನನ್ನ ಆಳುಗಳಿಗೆ ಯಾಕೆ ಕೊಡಲಿಲ್ಲ?”

“ತಂದಾಗ ಬಾಗಿಲಲ್ಲಿ ಯಾರಿದ್ದರು? ಕೊಳೆತದ್ದನ್ನು ಎಸೆದೇ ಒಳ್ಳೆಯದನ್ನು ಆರಿಸಬೇಕು. ಎಸೆದದ್ದನ್ನು ಕೂಗಿ ಹೇಳುವುದು ನನ್ನ ಪದ್ಧತಿ. ಬಾಯಿ ಮುಚ್ಚಿಕೊಂಡು ಕೊಡು ಎಂದಿದ್ದರೆ ಹಾಗೇ ಕೊಡುತ್ತಿದ್ದೆ. ನೀವು ಯಾರೂ ಹೇಳಲಿಲ್ಲವಲ್ಲ.”

ಮಗು ಉಳಿಯಿತು. ಮೂರು ದಿನದ ಜ್ವರಕ್ಕೆ ಅದರ ಒಂದು ಕಿವಿ ಮಾತ್ರ ಕಿವುಡಾಯಿತು.

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ವಸುಮತಿಯ ಕೈ ಆಗಲೇ ಚೀಲದ ಮೇಲಿತ್ತು.

“ಮುದುಕಿ ಸುಳ್ಳಾಡಲಿಲ್ಲ, ಆಳೂ ಆಡಲಿಲ್ಲ; ನಿನ್ನ ಪ್ರೋಗ್ರಾಮ್ ಎಷ್ಟನೆಯ ಮಾತಿಗೆ ಬೆನ್ನು ತಿರುಗಿಸುತ್ತದೆ?”

ಅವಳ ಕಾಲು ಅಲುಗುವುದು ನಿಂತಿತು. “ಮೊದಲನೆಯದಕ್ಕೇ ಮೇಷ್ಟ್ರೇ; ‘ಇಷ್ಟು ತೆಗೆದೆ’ ಎಂಬ ಲೆಕ್ಕ ಕೇಳಿ, ಪಟ್ಟಿ ಬರುವ ಮೊದಲೇ ಹಿಂದಿರುಗುತ್ತಿದೆ.”