ಬೀಳುವುದನ್ನು ಹಿಡಿಯದ ಕೈ

ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನನ್ನು ಅದರ ಸ್ಟ್ಯಾಂಡಿಗೆ ಇಡುವಾಗಲೆಲ್ಲ ನಿರ್ವಾಣಯ್ಯನವರು ಸಣ್ಣ ದನಿಯಲ್ಲಿ "ಮಲಗವ್ವ" ಅನ್ನುತ್ತಿದ್ದರು. ಮತ್ತೆ ಕೈಗೆ ತೆಗೆದುಕೊಳ್ಳುವಾಗ "ಏಳವ್ವ."

ಒಂದು ರೇಡಿಯೋ ರಿಪೇರಿಯಾಗುವಷ್ಟರಲ್ಲಿ ಆ ಐರನ್ನು ಮೂವತ್ತು ಸಲ ಮಲಗಿ ಮೂವತ್ತು ಸಲ ಏಳುತ್ತಿತ್ತು.

ಹೊಳೆ ದಂಡೆಯ ಅವರ ಆಶ್ರಮದಲ್ಲಿ ಇದ್ದದ್ದು ಮೂರೇ ಕೋಣೆ. ಒಂದರಲ್ಲಿ ಅಡುಗೆ, ಒಂದರಲ್ಲಿ ಧ್ಯಾನ, ಒಂದರಲ್ಲಿ ರಿಪೇರಿ. ಆಚೆ ದಂಡೆಯ ಹೆಂಗಸರು ಕೆಟ್ಟ ಮಿಕ್ಸರನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹರಿಗೋಲಿನಲ್ಲಿ ಬರುತ್ತಿದ್ದರು. ಧ್ಯಾನದ ಕೋಣೆಗಿಂತ ರಿಪೇರಿ ಕೋಣೆಯಲ್ಲೇ ಜನ ಹೆಚ್ಚು. ಅದರಿಂದ ನಿರ್ವಾಣಯ್ಯನವರಿಗೆ ಬೇಸರವೇನೂ ಇರಲಿಲ್ಲ.

ಶಾವಂತ್ರಿ ತಂದದ್ದು ಮಿಕ್ಸರಲ್ಲ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಡಬ್ಬಿ, ಅದರಿಂದ ಹೊರಟ ತಂತಿ, ತಂತಿಯ ತುದಿಗೆ ಕಿವಿಯೊಳಗೆ ಇಟ್ಟುಕೊಳ್ಳುವ ಗುಂಡಿ.

"ನಮ್ಮವ್ವನ ಕಿವಿ ಮಷೀನ್ ರೀ ಅಜ್ಜಾರ. ಕೆಟ್ಟು ಎಂಟು ತಿಂಗಳಾತು. ಪ್ಯಾಟ್ಯಾಗ ಕೇಳಿದ್ರ, ಇದು ಹಳೇದು, ಒಗದು ಹೊಸಾದು ತಗೋ ಅಂತಾರ. ನಾ ಒದರಿ ಒದರಿ ನನ್ನ ಗಂಟಲ ಹೋಗೇತಿ."

ನಿರ್ವಾಣಯ್ಯನವರು ಡಬ್ಬಿಯ ಮುಚ್ಚಳ ಬಿಚ್ಚಿ, ಭೂತಗನ್ನಡಿಯ ಜೊತೆ ಅವಳ ಮುಂದೆಯೇ ಇಟ್ಟರು.

"ಏನು ಕಾಣತೈತಿ ಹೇಳು."

ಅವಳು ಬಗ್ಗಿ ನೋಡಿದಳು. "ಕೂದಲಿನಂಥಾ ಒಂದು ತಂತಿ ಬಿಟ್ಕೊಂಡು ನಿಂತೈತ್ರಿ."

"ಅದನ್ನ ಹಚ್ಚಿದ್ರ ನಿಮ್ಮವ್ವಗ ಕೇಳತೈತಿ."

"ಹಚ್ಚಿ ಕೊಡ್ರಿ ಮತ್ತ."

"ನನ್ನ ಕಣ್ಣಿಗೆ ರೇಡಿಯೋದ ತಂತಿ ಕಾಣತಾವ. ಕೂದಲು ಕಾಣಂಗಿಲ್ಲ. ನಿನಗ ಕಾಣತೈತಿ. ನೀನ ಹಚ್ಚು."

"ಅಯ್ಯ, ನನಗ ಬರಂಗಿಲ್ರಿ!"

"ನಾಳಿಯಿಂದ ಬಾ."

ಮರುದಿನ ಶಾವಂತ್ರಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಳಗೆ ಬಂದಳು.

"ಹೊರಗ ಹೋಗು. ಚಪ್ಪಲಿ ಹಾಕ್ಕೊಂಡು ಬಾ," ಅಂದರು ನಿರ್ವಾಣಯ್ಯನವರು.

"ಆಶ್ರಮದಾಗ ಚಪ್ಪಲಿ ಹೆಂಗ ಹಾಕ್ಕೊಳ್ಳಿ ಅಜ್ಜಾರ?"

"ಧ್ಯಾನದ ಕೋಣಿಯೊಳಗ ದೇವರದಾನ. ಬರಿಗಾಲಾಗ ಹೋಗು. ಇಲ್ಲಿ ಕರೆಂಟೈತಿ. ಅದಕ್ಕ ನಿನ್ನ ಭಕ್ತಿ ತಿಳಿಯಂಗಿಲ್ಲ."

ಅವಳು ಹೋಗಿ ಹಾಕಿಕೊಂಡು ಬಂದಳು. ಹರಿಗೋಲಿನಿಂದ ಇಳಿಯುವಾಗ ಕಾಲು ನೆನೆದಿತ್ತು. ಅವರು ಟವೆಲ್ ಎಸೆದರು.

"ಕಾಲು ಒರಸು, ಚಪ್ಪಲೀನೂ ಒರಸು. ಕೈಯಾಗಿನ ತಾಮ್ರದ ಬಳಿ ತಗಿ. ಜಡಿ ಮ್ಯಾಲ ಕಟ್ಟು. ಸೆರಗು ಸೊಂಟಕ್ಕ ಸಿಗಸು."

"ನನ್ನ ಮದುವ್ಯಾಗೂ ನಾ ಇಷ್ಟು ತಯಾರಾಗಿರ್ಲಿಲ್ರಿ."

ನಿರ್ವಾಣಯ್ಯನವರು ನಕ್ಕರು. ನಕ್ಕರೂ, ಅವಳು ಸೆರಗು ಸಿಗಿಸುವ ತನಕ ಪ್ಲಗ್ಗಿನ ಹತ್ತಿರ ಬಿಡಲಿಲ್ಲ.

ಮೊದಲ ಹತ್ತು ದಿನ ಐರನ್ನಿನ ಪ್ಲಗ್ ಹಾಕಲೇ ಇಲ್ಲ. ತಣ್ಣಗಿದ್ದ ಐರನ್ನನ್ನು ಹಿಡಿದು ಅವಳು ಎತ್ತಿದಳು, ಇಟ್ಟಳು, ಎತ್ತಿದಳು, ಇಟ್ಟಳು.

"ಮಲಗವ್ವ ಅನ್ನೂದು ಮಂತ್ರ ಏನ್ರಿ ಅಜ್ಜಾರ?"

"ಕೈಗೆ ಮರವು ಜಾಸ್ತಿ. ಎಲ್ಲಿಟ್ಟೀನಿ ಅನ್ನೂದು ಬಾಯಿಗೂ ಗೊತ್ತಿರಲಿ ಅಂತ."

ಒಂದು ದಿನ ಐರನ್ನು ಸ್ಟ್ಯಾಂಡಿನಲ್ಲಿ ಸೊಟ್ಟಗೆ ಕೂತಿತ್ತು. ಶಾವಂತ್ರಿ ಅದರ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೆಟ್ಟಗೆ ಮಾಡಿದಳು.

"ಅಯ್ಯಯ್ಯೋ!" ಎಂದು ನಿರ್ವಾಣಯ್ಯನವರು ಎದ್ದೇಬಿಟ್ಟರು. ಅವಳ ಕೈಯನ್ನು ಎಳೆದುಕೊಂಡು ಹೋಗಿ ಹೂಜಿಯ ನೀರು ಸುರಿದರು. ಬಿಳಿ ಬಟ್ಟೆ ಹರಿದು ಎರಡೂ ಬೆರಳಿಗೆ ಸುತ್ತತೊಡಗಿದರು.

"ಅಜ್ಜಾರ! ತಣ್ಣಗೈತ್ರಿ! ಪ್ಲಗ್ಗ ಹಾಕಿಲ್ರಿ!"

"ಹೌದೇನು? ಅದರ ಮಾರಿ ನೋಡಿ ಹೇಳು. ಕಾದಾಗ ಹೆಂಗಿರತೈತಿ? ತಣ್ಣಗಿದ್ದಾಗ ಹೆಂಗಿರತೈತಿ?"

ಅವಳು ತಿರುಗಿ ನೋಡಿದಳು. ಬೂದು ಬಣ್ಣದ ಸಣ್ಣ ತುದಿ. ಕಾದರೂ ಅದೇ, ತಣ್ಣಗಿದ್ದರೂ ಅದೇ.

"ಸಂಜೀತನಕ ಈ ಪಟ್ಟಿ ಬಿಚ್ಚಬ್ಯಾಡ," ಅಂದರು.

ಸುಡದ ಬೆರಳಿಗೆ ಪಟ್ಟಿ ಕಟ್ಟಿಕೊಂಡು ಅವಳು ಎಡಗೈಯಲ್ಲಿ ಊಟ ಮಾಡಿದಳು. ಮನೆಗೆ ಹೋದಾಗ ಅವ್ವ ಕಾಶವ್ವ ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಸುಟ್ಕೊಂಡಿ ಹೌದಿಲ್ಲೋ? ಹೆಣ್ಮಗಳು ಕರೆಂಟಿಗೆ ಕೈ ಹಾಕಬಾರದು ಅಂತ ಹೇಳಿರ್ಲಿಲ್ಲಾ?"

"ಸುಟ್ಟಿಲ್ಲವ್ವಾ!"

ಅವ್ವನಿಗೆ ಕೇಳಲಿಲ್ಲ. ತಾನೇ ಪಟ್ಟಿ ಬಿಚ್ಚಿದಳು. ಬೆರಳು ತಿರುಗಿಸಿ ಮುರುಗಿಸಿ ನೋಡಿದಳು.

"ಏನೂ ಆಗಿಲ್ಲ! ಎಂಥಾ ಹುಚ್ಚರ ಆಶ್ರಮ ಅದು?"

ಇನ್ನೊಂದು ದಿನ ಶಾವಂತ್ರಿ ಡ್ರಿಲ್ ಮಷೀನಿನ ಬಿಟ್ ಬದಲಿಸುತ್ತಿದ್ದಳು.

"ಅದರ ಪ್ಲಗ್ ಎಲ್ಲೈತಿ?" ಕೇಳಿದರು ನಿರ್ವಾಣಯ್ಯನವರು.

"ಗ್ವಾಡ್ಯಾಗೈತ್ರಿ. ಸ್ವಿಚ್ ಆರಿಸೇನ್ರಿ."

"ಸ್ವಿಚ್ಚಿನ ಮ್ಯಾಲ ಒಂದು ಹಲ್ಲಿ ಕುಂತೈತಿ, ನೋಡು."

ಅವಳು ನೋಡಿದಳು. ಕೂತಿತ್ತು. ಎದ್ದು ಹೋಗಿ ಪ್ಲಗ್ ಕಿತ್ತಳು. ಅಂದಿನಿಂದ ಮಷೀನಿನ ಹೊಟ್ಟೆಯಲ್ಲಿ ಬೆರಳಿಡುವಾಗೆಲ್ಲ ಅದರ ಪ್ಲಗ್ ಅವಳ ಮಡಿಲಲ್ಲಿ ಇರುತ್ತಿತ್ತು.

ಹತ್ತು ದಿನ ಮುಗಿದ ಮೇಲೆ ಅವಳು ಕೇಳಿದಳು, "ಇವತ್ತರ ಕಾಸೋಣೇನ್ರಿ?"

ನಿರ್ವಾಣಯ್ಯನವರು ಬುಟ್ಟಿಯಿಂದ ಒಂದು ಬಟಾಟೆ ತೆಗೆದು ಅವಳ ಕಡೆ ಚಾಚಿದರು. ಅವಳು ಕೈ ಒಡ್ಡುವ ಮೊದಲೇ ಬಿಟ್ಟುಬಿಟ್ಟರು.

ಅದು ನೆಲಕ್ಕೆ ತಾಗುವ ಮೊದಲೇ ಶಾವಂತ್ರಿ ಹಿಡಿದಳು.

"ಇವತ್ತಿಲ್ಲ," ಅಂದರು.

ಮರುದಿನ ಚಮಚ. ಹಿಡಿದಳು. "ಇವತ್ತೂ ಇಲ್ಲ."

ಅದರ ಮರುದಿನ ನೀರಿದ್ದ ಸ್ಟೀಲ್ ತಂಬಿಗೆ. ಎಡಗೈಯಲ್ಲಿ ಹಿಡಿದಳು. ಒಂದು ಹನಿ ನೀರು ಚೆಲ್ಲಲಿಲ್ಲ. ಚೆಂಡಾಟದಲ್ಲಿ ಗೆದ್ದವಳ ಹಾಗೆ ಸುತ್ತ ನೋಡಿದಳು.

"ಇವತ್ತೂ ಇಲ್ಲ."

"ಯಾಕ್ರೀ? ಬೀಳಾಕ ಬಿಟ್ಟಿಲ್ಲಲ್ರೀ ನಾ! ಸಣ್ಣಾಕಿ ಇದ್ದಾಗಿಂದ ನಮ್ಮವ್ವ ಹೇಳ್ಯಾಳ, ಹೆಣ್ಮಕ್ಕಳ ಕೈಯಿಂದ ಏನೂ ಬೀಳಬಾರದು ಅಂತ. ಇನ್ನ ಎಷ್ಟು ಹಿಡಿದ್ರ ಸಾಕು?"

"ಒಂದೂ ಬ್ಯಾಡ," ಅಂದು ನಿರ್ವಾಣಯ್ಯನವರು ಚಹಾ ಕುಡಿಯಲು ಹೋದರು.

ಹರಿಗೋಲಿನಲ್ಲಿ ಅವಳಿಗೆ ಅಳು ಬರುವಂತಿತ್ತು. ಹೀಗೆ ಬಟಾಟೆ ಹಿಡಿಯುತ್ತಾ ಕೂತರೆ ಅವ್ವನಿಗೆ ಕೇಳುವುದು ಯಾವಾಗ?

ಮಾರನೇ ದಿನ ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಕಲ್ಲು ಸರಿದು ಕಾದ ಹಂಚು ಜಾರಿತು. ಶಾವಂತ್ರಿ ಎರಡು ಹೆಜ್ಜೆ ಹಿಂದೆ ಹಾರಿ ನಿಂತಳು. ಹಂಚು ಬಿತ್ತು. ಎರಡು ಹೋಳಾಯಿತು.

ಹಿಟ್ಟಿನ ಕೈಗಳನ್ನು ಎದೆಗೆ ಒತ್ತಿಕೊಂಡು ಅವಳು ಆ ಹೋಳುಗಳನ್ನೇ ನೋಡಿದಳು. ಆಮೇಲೆ ಒಬ್ಬಳೇ ನಗತೊಡಗಿದಳು. ಕಾಶವ್ವ ಬಾಗಿಲಿಗೆ ಬಂದು, ಹಂಚು ಒಡೆದು ನಗುವ ಮಗಳನ್ನು ನೋಡಿ, ಆಶ್ರಮಕ್ಕೆ ಒಂದು ದೊಡ್ಡ ಬೈಗುಳ ಬೈದಳು.

ಅವತ್ತು ನಿರ್ವಾಣಯ್ಯನವರ ಕೈಯಲ್ಲಿ ಇದ್ದದ್ದು ಅವರದೇ ಚಹಾದ ಕಪ್ಪು. ನೀಲಿ ಹೂವಿನ ಪಿಂಗಾಣಿ ಕಪ್ಪು, ಅದರಲ್ಲಿ ಬೇರೆ ಯಾರಿಗೂ ಚಹಾ ಕೊಡುತ್ತಿರಲಿಲ್ಲ.

ಬಿಟ್ಟರು.

ಶಾವಂತ್ರಿಯ ಕೈಗಳು ಹಿಂದೆ ಹೋದವು. ಕಾಲುಗಳೂ ಹಿಂದೆ ಸರಿದವು. ಹಾಸುಗಲ್ಲಿನ ಮೇಲೆ ಬಿದ್ದು ಕಪ್ಪು ಚೂರಾಯಿತು.

"ನಿಮ್ಮ ಕಪ್ಪು ಹೋತ್ರಿ ಅಜ್ಜಾರ," ಅಂದಳು ಮೆಲ್ಲಗೆ.

"ಕಪ್ಪು ಸಂತ್ಯಾಗ ಸಿಗತೈತಿ," ಅಂದರು ನಿರ್ವಾಣಯ್ಯನವರು. ಅವರ ಮುಖ ಹಬ್ಬದ ದಿನದ ಹಾಗೆ ಅರಳಿತ್ತು. "ಕೂಡು. ಕಿಟಕಿ ತಗಿ, ಹೊಗಿ ಹೊರಗ ಹೋಗಲಿ. ಈಗ ಪ್ಲಗ್ ಹಾಕು."

ಹಳೆಯ ರೇಡಿಯೋಗಳ ಮೇಲೆ ಕೈ ಕೂರುವುದಕ್ಕೆ ಇನ್ನೂ ಒಂದು ತಿಂಗಳು ಹಿಡಿಯಿತು. ಮೊದಮೊದಲು ಅವಳ ಬೆಸುಗೆ ಮೇಕೆಯ ಹಿಕ್ಕೆಯ ಹಾಗೆ ಗುಂಡಗೆ ಇರುತ್ತಿತ್ತು. ಆಮೇಲೆ ಸಾಸಿವೆಯಷ್ಟಾಯಿತು. ಒಂದು ದಿನ ಅವರು ಭೂತಗನ್ನಡಿ ಹಿಡಿದು ಹುಡುಕಿದರೂ ಸಿಗಲಿಲ್ಲ.

"ನಾಳೆ ನಿಮ್ಮವ್ವನ್ನ ಕರಕೊಂಡು ಬಾ," ಅಂದರು.

"ಒಂದ ಮಾತು ಹೇಳ್ರಿ ಅಜ್ಜಾರ. ಒಳಗಿನ ತಂತಿ ಸುಟ್ಟರ?"

"ಅಂಥಾ ತಂತಿ ಮತ್ತೊಂದು ಸಿಗಂಗಿಲ್ಲ. ಸುಟ್ಟರ ಮಷೀನ್ ಹೋತು."

ಅವಳಿಗೆ ಅವತ್ತು ನಿದ್ದೆ ಸರಿಯಾಗಿ ಬರಲಿಲ್ಲ.

ಕಾಶವ್ವ ಕೋಲೂರಿಕೊಂಡು ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಡಬೇಡ ಎಂದು ಕೈಸನ್ನೆಯಲ್ಲಿ ಹೇಳಿದಾಗ, "ನಾ ಹೇಳಲಿಲ್ಲಾ, ಹುಚ್ಚರು!" ಎಂದು ಹರಿಗೋಲಿನವನಿಗೂ ಕೇಳುವಂತೆ ಅಂದಳು. ಮಗಳ ಪಕ್ಕದ ಸ್ಟೂಲಿನ ಮೇಲೆ ಕೂತಳು. ನಿರ್ವಾಣಯ್ಯನವರು ಗೋಡೆಗೆ ಒರಗಿ, ಪ್ಲಗ್ಗಿನ ಹತ್ತಿರ ಕೂತರು.

ಐರನ್ನು ಕಾಯಿತು. ಶಾವಂತ್ರಿ ಡಬ್ಬಿಯ ಮೇಲೆ ಬಗ್ಗಿ, ಚಿಮಟದಲ್ಲಿ ಆ ಕೂದಲನ್ನು ಅದರ ಜಾಗಕ್ಕೆ ತಂದಳು.

"ಏನು ಮಾಡಾಕತ್ತೀ? ನನಗೂ ತೋರಸು," ಅಂದು ಕಾಶವ್ವ ಎದ್ದಳು. ಅವಳ ಕೋಲು ಐರನ್ನಿನ ವೈರಿನಲ್ಲಿ ಸಿಕ್ಕಿತು. ಸ್ಟ್ಯಾಂಡು ವಾಲಿತು. ಐರನ್ನು ಮೇಜಿನ ಅಂಚಿಗೆ ಉರುಳಿತು.

ಕಾಶವ್ವ ಅದನ್ನು ನೋಡಿದಳು. ಅರವತ್ತು ವರ್ಷದಿಂದ ಬೀಳುವುದನ್ನೆಲ್ಲ ಹಿಡಿದ ಕೈ ಮುಂದೆ ಹೋಯಿತು.

ಕೂಗಿದರೆ ಅವ್ವನಿಗೆ ಕೇಳುವುದಿಲ್ಲ.

ಶಾವಂತ್ರಿ ಕೂಗಲಿಲ್ಲ. ಐರನ್ನಿನ ಕಡೆ ನೋಡಲೂ ಇಲ್ಲ. ಅವ್ವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ತನ್ನ ಕಡೆ ಎಳೆದುಕೊಂಡಳು. ಐರನ್ನು ಹಾಸುಗಲ್ಲಿನ ಮೇಲೆ ಬಿದ್ದು ಅರ್ಧ ಸುತ್ತು ತಿರುಗಿ ನಿಂತಿತು.

ಅವಳು ಪ್ಲಗ್ ಕೀಳಲು ತಿರುಗಿದರೆ, ನಿರ್ವಾಣಯ್ಯನವರು ಆಗಲೇ ಅದನ್ನು ಕಿತ್ತು ಕೈಯಲ್ಲಿ ಇಲಿಯ ಬಾಲದ ಹಾಗೆ ತೂಗಾಡಿಸುತ್ತಿದ್ದರು.

"ಅಯ್ಯ, ನೋಡ್ರಿ ಇಕೀನ್ನ!" ಕಾಶವ್ವ ರೇಗಿದಳು. "ಬೀಳೋ ಸಾಮಾನು ಹಿಡಿಯಂಗಿಲ್ಲ, ನನ್ನ ಕೈ ಹಿಡೀತಾಳ! ಕಲಿಯಾಕ ಬಂದು, ಕಲಿತದ್ದೂ ಮರತಾಳ!"

ನಿರ್ವಾಣಯ್ಯನವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಏನೆಂದು ತಿಳಿಯದಿದ್ದರೂ ಕಾಶವ್ವನಿಗೂ ನಗು ಬಂತು.

ಶಾವಂತ್ರಿ ಹಿಡಿಕೆ ಹಿಡಿದು ಐರನ್ನನ್ನು ಎತ್ತಿ ಸ್ಟ್ಯಾಂಡಿಗಿಟ್ಟಳು. ತಣ್ಣಗಾಗುವ ತನಕ ಕಾದಳು. ವೈರಿನ ಮೇಲೆ ಈ ತುದಿಯಿಂದ ಆ ತುದಿಯ ತನಕ ಬೆರಳಾಡಿಸಿ, ಎಲ್ಲೂ ಹರಿದಿಲ್ಲ ಎಂದು ನೋಡಿದಳು. ಅವ್ವನನ್ನು ಸ್ಟೂಲಿನ ಜೊತೆ ಮೇಜಿನ ಆಚೆ ಬದಿಗೆ ಸರಿಸಿದಳು. ಕೋಲನ್ನು ಬಾಗಿಲ ಹೊರಗಿಟ್ಟಳು.

ಇಷ್ಟನ್ನೂ ಅವಳಿಗೆ ಯಾರೂ ಹೇಳಲಿಲ್ಲ.

ಮತ್ತೆ ಪ್ಲಗ್ ಹಾಕಿದಳು. ಐರನ್ನಿನ ತುದಿ ತಂತಿಗೆ ತಾಗಿತು. ಒಂದು ಎಳೆ ಹೊಗೆ ಎದ್ದು ಕಿಟಕಿಯ ಕಡೆ ಹೋಯಿತು. ಅಷ್ಟೇ. ಉಸಿರು ಬಿಡುವಷ್ಟರಲ್ಲಿ ಮುಗಿಯಿತು.

ಡಬ್ಬಿಗೆ ಹೊಸ ಸೆಲ್ ಹಾಕಿ, ಗುಂಡಿಯನ್ನು ಅವ್ವನ ಕಿವಿಗಿಟ್ಟು, ಸಣ್ಣ ಚಕ್ರ ತಿರುಗಿಸಿದಳು.

"ಅವ್ವಾ! ಕೇಳತೈತೇನೂ?" ಒಂಬತ್ತು ತಿಂಗಳ ರೂಢಿಯಲ್ಲಿ ಗಂಟಲು ಹರಿಯುವ ಹಾಗೆ ಕೂಗಿದಳು.

ಕಾಶವ್ವ ಕಿವಿ ಮುಚ್ಚಿಕೊಂಡಳು.

"ಯಾಕ ಹಂಗ ಒದರ್ತೀ? ನಾನೇನು ಕಿವುಡಿಯೇನು?"

ಶಾವಂತ್ರಿ ಅವ್ವನ ಮಡಿಲಲ್ಲಿ ಮುಖ ಇಟ್ಟು, ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದಂತೆ ಅಲುಗಿದಳು.

"ಅದೇನು ಸಪ್ಪಳ?" ಕೇಳಿದಳು ಕಾಶವ್ವ.

"ಹೊಳಿ," ಅಂದರು ನಿರ್ವಾಣಯ್ಯನವರು.

"ಇಷ್ಟು ಮಾತಾಡತೈತೇನು ಅದು?"

ಅವಳು ತುಂಬಾ ಹೊತ್ತು ಹೊಳೆಯನ್ನು ಕೇಳಿದಳು. ಕಾಗೆಯನ್ನು ಕೇಳಿದಳು. ತನ್ನದೇ ಬಳೆ ಅಲ್ಲಾಡಿಸಿ ಕೇಳಿದಳು. ದಂಡೆಯಿಂದ ಹರಿಗೋಲಿನವನು ಕರೆದದ್ದು ಕೇಳಿ, "ಬಂದ್ವಿ ತಡಿಯಪ್ಪಾ, ಯಾಕ ಗದ್ದಲ!" ಎಂದು ತಾನೇ ಉತ್ತರ ಕೊಟ್ಟಳು.

ಶಾವಂತ್ರಿ ಕೋಲು ತರಲು ಹೊರಗೆ ಹೋದಳು.

ನಿರ್ವಾಣಯ್ಯನವರು ಅಟ್ಟದಿಂದ ಒಂದು ಬಿಸ್ಕತ್ತಿನ ಡಬ್ಬ ಇಳಿಸಿ, ಅದರ ಮುಚ್ಚಳ ತೆಗೆದು ಕಾಶವ್ವನ ಮುಂದೆ ಇಟ್ಟರು. ಒಳಗೆ ಅಂಥವೇ ಪುಟ್ಟ ಕಿವಿ ಮಷೀನುಗಳು. ಒಂದೊಂದಕ್ಕೂ ಒಂದೊಂದು ಹೆಸರಿನ ಚೀಟಿ ದಾರದಲ್ಲಿ ಕಟ್ಟಿತ್ತು. ಕೆಲವು ಚೀಟಿಗಳ ಅಕ್ಷರ ಮಾಸಿತ್ತು.

ಕಾಶವ್ವ ಡಬ್ಬವನ್ನು ನೋಡಿದಳು. ಅವರ ಮುಖವನ್ನು ನೋಡಿದಳು.

ಅವರು ಹತ್ತಿರ ಬಗ್ಗಿ, ಮಲಗಿದ ಕೂಸಿಗೂ ಎಚ್ಚರವಾಗದಷ್ಟು ಸಣ್ಣ ದನಿಯಲ್ಲಿ ಕೇಳಿದರು:

"ಕಾಶವ್ವಾ, ನಿನ್ನ ಮಗಳನ್ನ ನಾಳೀನೂ ಕಳಸವ್ವ. ಇನ್ನೂ ಹನ್ನೊಂದು ಕಿವಿ ಕಾಯಾಕತ್ತಾವ."